ಗಾವ್ ಕೀ ಕ್ಯಾಂಪ್? ದಂಡಿನ ಊರಿನ ಕಸ, ಮನೆ ಮತ್ತು ಮತ

ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಆಟೋದವನಿಗೆ "ದೇವಳಾಲಿ" ಅಂದರೆ ಅವನು ಕೇಳುವ ಮೊದಲ ಪ್ರಶ್ನೆ: "ಗಾವ್ ಕೀ ಕ್ಯಾಂಪ್?" ಊರೋ, ದಂಡೋ? ಹೊಸಬರಿಗೆ ಇದು ಬರೀ ದಾರಿಯ ಪ್ರಶ್ನೆ. ಇಲ್ಲಿ ಬೇರು ಬಿಟ್ಟವರಿಗೆ ಮಾತ್ರ ಇದು ಆಡಳಿತದ ಪ್ರಶ್ನೆ ಅಂತ ಗೊತ್ತು.

ದೇವಳಾಲಿ ಗಾವ್ ಇರುವುದು ನಾಸಿಕ್ ಮಹಾನಗರಪಾಲಿಕೆಯಲ್ಲಿ. 1982ರ ನವೆಂಬರಿನಲ್ಲಿ ನಾಸಿಕ್, ನಾಸಿಕ್ ರೋಡ್-ದೇವಳಾಲಿ, ಸಾತಪುರ ಮತ್ತು ಸುತ್ತಲಿನ ಹಳ್ಳಿಗಳನ್ನು ಕೂಡಿಸಿ ಪಾಲಿಕೆ ಮಾಡಿದಾಗ ಗಾವ್ ಅದರೊಳಗೆ ಹೋಯಿತು. ಕ್ಯಾಂಪ್ ಹೋಗಲಿಲ್ಲ. ಅದು ದೇವಳಾಲಿ ಕಂಟೋನ್ಮೆಂಟ್ ಬೋರ್ಡಿನದು, ಬೋರ್ಡು ದಿಲ್ಲಿಯ ರಕ್ಷಣಾ ಇಲಾಖೆಯದು. ನಿಮ್ಮ ಮನೆ ಮುಂದಿನ ಚರಂಡಿ ಕಟ್ಟಿಕೊಂಡಿತು ಅಂದುಕೊಳ್ಳಿ. ಗಾವಿನಲ್ಲಾದರೆ ನಗರಸೇವಕರನ್ನು ಹಿಡಿಯಬೇಕು. ಕ್ಯಾಂಪಿನಲ್ಲಾದರೆ ಬೋರ್ಡಿನ ಆಫೀಸಿಗೆ ಹೋಗಬೇಕು, ಅದರ ಅಧ್ಯಕ್ಷರು ಇಲ್ಲಿನ ಸೇನಾ ಠಾಣ್ಯದ ಮುಖ್ಯಾಧಿಕಾರಿ. ಅದೇ ಮನೆಗೆ ಕಳ್ಳ ಬಂದರೆ ಪೊಲೀಸರು ಮಾತ್ರ ಎರಡೂ ಕಡೆಗೆ ನಾಸಿಕ್ ಕಮಿಷನರೇಟಿನವರೇ. ಒಂದೇ ಹೆಸರಿನ ಎರಡು ಊರಿಗೆ ಎರಡು ಬಗೆಯ ಸರ್ಕಾರ.

ನಮ್ಮ ಕಡೆಯವರು ಈ ಕ್ಯಾಂಪಿಗೆ ಬಂದ ದಾರಿಗಳು ಹಲವು. ತೋಪಖಾನೆ ಶಾಲೆಗೆ ಬಂದ ಸೈನಿಕರು, ನಾಸಿಕ್ ರೋಡಿನ ನೋಟು ಮುದ್ರಣಾಲಯಕ್ಕೆ ಸೇರಿದವರು, ಹೋಟೆಲ್ ಇಟ್ಟವರು, ನನ್ನ ಹಾಗೆ ಬ್ಯಾಂಕಿನ ವರ್ಗಾವಣೆಯಲ್ಲಿ ಬಂದು ಇಲ್ಲೇ ಉಳಿದವರು. ಬಂದ ಎಲ್ಲರೂ ಮೊದಲು ಹೊಗಳುವುದು ಒಂದೇ ವಿಷಯ: "ಎಷ್ಟು ಚೊಕ್ಕಟ ನೋಡ್ರೀ! ಅಗಲ ರಸ್ತೆ, ಸಾಲು ಮರ, ಗಲಾಟೆ ಇಲ್ಲ." ಮಾತು ನಿಜ. ಆದರೆ ಈ ಚೊಕ್ಕಟ ಎಲ್ಲಿಂದ ಬಂತು, ಅದಕ್ಕೆ ಯಾರು ಏನು ಬೆಲೆ ಕೊಟ್ಟರು ಎಂದು ನೋಡಹೊರಟರೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಈಗ ಕ್ಯಾಂಪಿನ ನಾಗರಿಕ ಭಾಗವನ್ನು ಪಾಲಿಕೆಗೆ ಸೇರಿಸುವ ಮಾತು ಸರ್ಕಾರದ ಗೆಜೆಟ್ಟಿನವರೆಗೂ ಹೋಗಿರುವುದರಿಂದ ಈ ಲೆಕ್ಕವನ್ನು ಒಮ್ಮೆ ತಾಳೆ ನೋಡುವುದು ಒಳ್ಳೆಯದು.

*

ದೇವಳಾಲಿಯ ದಂಡು ಶುರುವಾದದ್ದು 1861ರಲ್ಲಿ. ಅದಕ್ಕೆ ನಾಲ್ಕು ವರ್ಷ ಹಿಂದೆ 1857ರ ದಂಗೆ ಆಗಿತ್ತು. ಇನ್ನು ಮುಂದೆ ಭಾರತದಲ್ಲಿ ಬಿಳಿ ಸಿಪಾಯಿಗಳ ಸಂಖ್ಯೆ ಹೆಚ್ಚಿರಬೇಕು ಎಂದು ಇಂಗ್ಲೆಂಡಿನ ಸರ್ಕಾರ ತೀರ್ಮಾನಿಸಿತ್ತು. ತಂದ ಸಿಪಾಯಿ ಬದುಕಬೇಕಲ್ಲ? 1859ರಲ್ಲಿ ಒಂದು ರಾಯಲ್ ಕಮಿಷನ್ ನೇಮಿಸಿ ಭಾರತದ ಸೈನ್ಯದ ಆರೋಗ್ಯದ ಸ್ಥಿತಿ ಪರೀಕ್ಷೆ ಮಾಡಿಸಿದರು. ಅದರ ಹಿಂದಿನ ದೊಡ್ಡ ಒತ್ತಾಯ ಫ್ಲಾರೆನ್ಸ್ ನೈಟಿಂಗೇಲ್ ಅವರದು. 1863ರಲ್ಲಿ ವರದಿ ಬಂತು. ಸಾವಿರ ಬಿಳಿ ಸಿಪಾಯಿಗಳಲ್ಲಿ ವರ್ಷಕ್ಕೆ ಸರಾಸರಿ 69 ಮಂದಿ ಸಾಯುತ್ತಿದ್ದರು! ಬಹುಪಾಲು ಸತ್ತದ್ದು ಗುಂಡಿಗಲ್ಲ. ಜ್ವರ, ಆಮಶಂಕೆ, ಕಾಲರಾ, ಯಕೃತ್ತಿನ ಬೇನೆ ಇಂಥವಕ್ಕೆ.

ಅಂದರೆ ಸೈನ್ಯಕ್ಕೆ ಶತ್ರು ಯಾರಾದರು? ಕೊಳಚೆ ನೀರು, ತೆರೆದ ಕಕ್ಕಸು, ಬಜಾರಿನ ಗಲೀಜು, ಸಾರಾಯಿ ಅಂಗಡಿ. ದಂಡಿನ ಕಾನೂನುಗಳೆಲ್ಲ ಹುಟ್ಟಿದ್ದು ಈ ಅಂಕಿಯಿಂದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಆ ಕಾನೂನು ಇಲ್ಲಿ ವಾಸವಾಗಿದ್ದ ನಮ್ಮಂಥವರ ಆರೋಗ್ಯಕ್ಕೆ ಬರೆದದ್ದಲ್ಲ. ನಮ್ಮಿಂದ ಸಿಪಾಯಿಗೆ ರೋಗ ತಗಲದಿರಲಿ ಎಂದು ಬರೆದದ್ದು. ಅದರಿಂದ ನಮಗೂ ಒಳ್ಳೆಯದಾಯಿತು, ಅದು ಬೇರೆ ಮಾತು.

ದೇವಳಾಲಿ ಆಗ ಬರೀ ತಂಗುದಾಣ. ಹಡಗಿನಲ್ಲಿ ಮುಂಬಯಿಗೆ ಬಂದ ಹೊಸ ಸಿಪಾಯಿ ರೈಲು ಹತ್ತಿ ಘಟ್ಟ ಏರಿ ಇಲ್ಲಿಗೆ ಬರುತ್ತಿದ್ದ, ಇಲ್ಲಿಂದ ತನ್ನ ರೆಜಿಮೆಂಟಿಗೆ ಹೋಗುತ್ತಿದ್ದ. ಸೇವೆ ಮುಗಿದವನು ಇಲ್ಲಿಗೆ ಬಂದು ಹಡಗಿಗೆ ಕಾಯುತ್ತಿದ್ದ. ಹಡಗುಗಳು ಹೊರಡುತ್ತಿದ್ದದ್ದು ನವೆಂಬರಿನಿಂದ ಮಾರ್ಚಿಯವರೆಗೆ ಮಾತ್ರ. ಏಪ್ರಿಲಿನಲ್ಲಿ ಅವಧಿ ಮುಗಿದವನ ಗತಿ? ತಿಂಗಳುಗಟ್ಟಲೆ ಕೆಲಸವಿಲ್ಲದೆ ಬಿಸಿಲು, ಧೂಳು, ಸಾರಾಯಿ, ಜಗಳ. ಬುದ್ಧಿ ಕೆಟ್ಟವನಿಗೆ "ಡೂಲಾಲಿ ಟ್ಯಾಪ್" ಎನ್ನುವ ಮಾತು ಹುಟ್ಟಿದ್ದು ಹೀಗೆ. ಡೂಲಾಲಿ ಅಂದರೆ ನಮ್ಮ ದೇವಳಾಲಿ. ಟ್ಯಾಪ್ ಅಂದರೆ ಹಿಂದೂಸ್ತಾನಿಯ 'ತಪ್', ಜ್ವರ. ನಮ್ಮ 'ತಾಪ'ದ ನೆಂಟ. ಇಂಗ್ಲಿಷ್ ನಿಘಂಟಿಗೆ ನಮ್ಮ ಕ್ಯಾಂಪು ಕೊಟ್ಟ ಕಾಣಿಕೆ ಇದು!

*

1864ರಲ್ಲಿ ಮಿಲಿಟರಿ ಕಂಟೋನ್ಮೆಂಟ್ ಕಾನೂನು ಬಂತು. ಮುಂಬಯಿ ಪ್ರಾಂತ್ಯಕ್ಕೆ 1867ರಲ್ಲಿ ಅದೇ ಧಾಟಿಯ ಬೇರೆ ಕಾನೂನು ಮಾಡಿದರು. ಇವುಗಳ ಕೇಂದ್ರದಲ್ಲಿ ಇದ್ದವನು ಕಂಟೋನ್ಮೆಂಟ್ ಮ್ಯಾಜಿಸ್ಟ್ರೇಟ್. ಕಸ ಗುಡಿಸುವುದರ ಮೇಲ್ವಿಚಾರಣೆ, ಬಜಾರಿನ ಉಸ್ತುವಾರಿ, ದಂಡಿನ ನಿಧಿಯ ಲೆಕ್ಕ, ಪೊಲೀಸು, ಸಣ್ಣಪುಟ್ಟ ಸಾಲದ ವ್ಯಾಜ್ಯ, ಕ್ರಿಮಿನಲ್ ಮೊಕದ್ದಮೆ, ಎಲ್ಲವೂ ಅವನ ಮೇಜಿನ ಮೇಲೆಯೇ. ಬ್ಯಾಂಕಿನಲ್ಲಿ ನಾವು ಹೊಸಬರಿಗೆ ಕಲಿಸುವ ಮೊದಲ ಪಾಠ: ವೋಚರ್ ಬರೆದವನೇ ಪಾಸು ಮಾಡಬಾರದು, ಪಾಸು ಮಾಡಿದವನೇ ಹಣ ಕೊಡಬಾರದು. ಕಂಟೋನ್ಮೆಂಟಿನಲ್ಲಿ ಬರೆದವನು, ಪಾಸು ಮಾಡಿದವನು, ವಸೂಲು ಮಾಡಿದವನು ಎಲ್ಲರೂ ಒಬ್ಬರೇ.

ಇದರ ಅತಿ ಕೆಟ್ಟ ಮುಖ ಕಂಡದ್ದು ಲಾಲ್ ಬಜಾರುಗಳಲ್ಲಿ. ಸಿಪಾಯಿಗಳಿಗೆ ಗುಹ್ಯರೋಗ ಹರಡದಂತೆ ಎಂದು ವೇಶ್ಯೆಯರ ಹೆಸರು ರಿಜಿಸ್ಟರ್ ಮಾಡಿ, ಕಡ್ಡಾಯವಾಗಿ ದೇಹ ಪರೀಕ್ಷೆ ಮಾಡಿಸಿ, ರೋಗವಿದ್ದವರನ್ನು ಲಾಕ್ ಆಸ್ಪತ್ರೆಗಳಲ್ಲಿ ಕೂಡಿಹಾಕುತ್ತಿದ್ದರು. ರೋಗ ತಂದ ಸಿಪಾಯಿಗೆ ಇಂಥ ಕಟ್ಟುಪಾಡು ಇರಲಿಲ್ಲ. 1886ರಲ್ಲಿ ಸೈನ್ಯದ ಮುಖ್ಯ ಕಚೇರಿಯಿಂದಲೇ ಬಜಾರುಗಳಲ್ಲಿ ಸಾಕಷ್ಟು ಹೆಂಗಸರು ಇರಬೇಕು, ನೋಡಲು ಚೆನ್ನಾಗಿರಬೇಕು ಎಂಬ ಅರ್ಥದ ಸುತ್ತೋಲೆ ಹೊರಟಿತು. ಅದು ಲಂಡನ್ನಿನಲ್ಲಿ ಬಯಲಾಗಿ ದೊಡ್ಡ ರಂಪವಾಯಿತು, 1888ರಲ್ಲಿ ಪಾರ್ಲಿಮೆಂಟು ಇದರ ವಿರುದ್ಧ ನಿರ್ಣಯ ಮಾಡಿತು. 1895ರಲ್ಲಿ ಕಾನೂನು ತಿದ್ದಿ ಕಡ್ಡಾಯ ಪರೀಕ್ಷೆ ನಿಲ್ಲಿಸಬೇಕಾಯಿತು. ಶುಚಿತ್ವದ ಹೆಸರಿನಲ್ಲಿ ಅಧಿಕಾರ ಎಲ್ಲಿಯವರೆಗೆ ಕೈ ಚಾಚಬಹುದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ದಂಡಿನ ಹೊರಗೂ ಅದೇ ಮನೋಭಾವ ಹರಿಯಿತು. 1897ರಲ್ಲಿ ಪುಣೆಗೆ ಪ್ಲೇಗ್ ಬಂದಾಗ ಕಮಿಷನರ್ ರ್‍ಯಾಂಡ್ ಸಿಪಾಯಿಗಳನ್ನೇ ಮನೆಮನೆಗೆ ನುಗ್ಗಿಸಿ ತಪಾಸಣೆ ಮಾಡಿಸಿದ. ದೇವರ ಕೋಣೆ, ಅಡುಗೆಮನೆ ಯಾವುದನ್ನೂ ಬಿಡಲಿಲ್ಲ ಎಂದು ಜನ ರೊಚ್ಚಿಗೆದ್ದರು. ಜೂನ್ 22ರ ರಾತ್ರಿ ಚಾಫೇಕರ್ ಸಹೋದರರು ಅವನಿಗೆ ಗುಂಡು ಹೊಡೆದರು. ರೋಗ ನಿಜವಾಗಿತ್ತು, ತಪಾಸಣೆಯೂ ಬೇಕಿತ್ತು. ಆದರೆ ಯಾರ ಮನೆಗೆ ಹೋಗುತ್ತಿದ್ದೇವೋ ಅವರನ್ನು ಒಂದು ಮಾತೂ ಕೇಳದೆ ಹೋದದ್ದರ ಫಲ ಅದು.

*

1889ರ ಕಾನೂನು, 1899ರ ಕೋಡ್, 1910ರ ಕಾನೂನು ಎಲ್ಲ ದಾಟಿ 1924ರ ಕಂಟೋನ್ಮೆಂಟ್ ಕಾನೂನಿಗೆ ಬರೋಣ. ಸ್ವಾತಂತ್ರ್ಯ ಬಂದ ಮೇಲೂ 2006ರವರೆಗೆ ಇದೇ ನಡೆಯಿತು. ಅದರ 118ನೇ ಕಲಮು ಉಪದ್ರವಗಳ ಪಟ್ಟಿ. ಓದಲು ಬಲು ಮಜವಾಗಿದೆ. ಬೀದಿಯಲ್ಲಿ ಕುಡಿದು ಗಲಾಟೆ ಮಾಡುವುದು, ಬೈಯುವುದು, ಬಹಿರ್ದೆಸೆಗೆ ಕೂರುವುದು, ಕಾಡಿ ಬೇಡುವುದು, ಹುಣ್ಣು ತೋರಿಸಿ ಭಿಕ್ಷೆ ಎತ್ತುವುದು, ಮಾಂಸವನ್ನು ಮುಚ್ಚದೆ ಒಯ್ಯುವುದು, ಜೂಜಾಡುವುದು, ರಸ್ತೆಯಲ್ಲಿ ದನ ಕಟ್ಟುವುದು, ಗಾಡಿ ಗುಂಪು ಹಾಕುವುದು, ಗೋಡೆಗೆ ಮರಕ್ಕೆ ಚೀಟಿ ಅಂಟಿಸುವುದು. ಹೆಣವನ್ನು 24 ಗಂಟೆಯೊಳಗೆ ಮಣ್ಣು ಮಾಡಬೇಕು ಇಲ್ಲವೇ ಸುಡಬೇಕು. ಮನೆಯಲ್ಲಿ ದನವೋ ನಾಯಿಯೋ ಸತ್ತರೆ ಮೂರು ಗಂಟೆಯೊಳಗೆ ವರದಿ ಕೊಡಬೇಕು. ರಾತ್ರಿ ಸತ್ತರೆ ಸೂರ್ಯ ಹುಟ್ಟಿ ಮೂರು ಗಂಟೆಯೊಳಗೆ. ನೋಡಿ, ಸತ್ತ ಎಮ್ಮೆಗೂ ಟೈಮ್ ಟೇಬಲ್ ಇತ್ತು!

ನಗಬೇಡಿ. ನಮ್ಮ ಊರುಗಳಲ್ಲಿ ಸತ್ತ ನಾಯಿ ಮೂರು ದಿನ ಬೀದಿಯಲ್ಲಿ ಬಿದ್ದಿದ್ದನ್ನು ನಾವೆಲ್ಲ ಕಂಡವರೇ. ಮುನಿಸಿಪಾಲಿಟಿ ಕಾನೂನುಗಳಲ್ಲೂ ಇಂಥ ಕಲಮುಗಳು ಇದ್ದವು, ಪಾಲನೆ ಮಾತ್ರ ಇರಲಿಲ್ಲ. ಕಂಟೋನ್ಮೆಂಟಿನಲ್ಲಿ ಪಾಲನೆ ಇತ್ತು. ರೆಸ್ಟ್ ಕ್ಯಾಂಪ್ ರೋಡು, ಲ್ಯಾಮ್ ರೋಡುಗಳಲ್ಲಿ ಇವತ್ತಿಗೂ ಮರಗಳು ಉಳಿದಿದ್ದರೆ, ಪಾರ್ಸಿಗಳು ಜೈನರು ಹವೆ ಬದಲಾವಣೆಗೆಂದು ಇಲ್ಲಿ ಸ್ಯಾನಿಟೋರಿಯಂ ಕಟ್ಟಿಕೊಂಡಿದ್ದರೆ, ಈ ಪಾಲನೆಯ ಪಾಲು ಅದರಲ್ಲಿ ಇದೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾಗುತ್ತದೆ.

ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ಬಾಬತ್ತು ಇದೆ. ನಿಷೇಧಿಸಿದ ಹೊತ್ತಿನಲ್ಲಿ ತಮಟೆ, ಡೋಲು, ಕಹಳೆ ಬಾರಿಸುವುದು ಅಪರಾಧ. ನಮ್ಮ ಕ್ಯಾಂಪಿನ ಟೆಂಪಲ್ ಹಿಲ್ ಮೇಲೆ ಖಂಡೋಬಾ ಇದ್ದಾನೆ. ಖಂಡೋಬಾ ಅಂದರೆ ಬೇರೆ ಯಾರೂ ಅಲ್ಲ, ನಮ್ಮ ಮೈಲಾರಲಿಂಗ. ಡೋಲು, ಭಂಡಾರ ಇಲ್ಲದೆ ಮೈಲಾರನ ಸೇವೆ ಉಂಟೆ? ಕಾನೂನು ಡೋಲು ಬಾರಿಸಬೇಡ ಅನ್ನುವುದಿಲ್ಲ, ಹೊತ್ತು ನೋಡಿ ಬಾರಿಸು ಅನ್ನುತ್ತದೆ. ಇದು ನ್ಯಾಯವೇ. ರೋಗಿಗಳಿಗೆ, ಓದುವ ಮಕ್ಕಳಿಗೆ ನಿದ್ದೆ ಬೇಕು. ನನ್ನ ಪ್ರಶ್ನೆ ಇಷ್ಟೆ: ಯಾವ ಹೊತ್ತು ಎಂದು ಗೊತ್ತು ಮಾಡುವವರು ಯಾರು? ಡೋಲು ಬಾರಿಸುವವನೂ ಅವನ ನೆರೆಮನೆಯವನೂ ಕೂತು ಗೊತ್ತು ಮಾಡಿಕೊಂಡರೆ ಅದು ಊರು. ಇಬ್ಬರನ್ನೂ ಕೇಳದೆ ಮೂರನೆಯವನು ಗೊತ್ತು ಮಾಡಿದರೆ ಅದು ದಂಡು.

ಇನ್ನೂ ಗಟ್ಟಿಯಾದ ಕಲಮು 239. ಸೈನಿಕರಲ್ಲಿ ಅಸಮಾಧಾನ ಹುಟ್ಟಿಸುವ, ಶಿಸ್ತು ಕೆಡಿಸುವ ಮನುಷ್ಯನನ್ನು ದಂಡಿನಿಂದಲೇ ಹೊರಹಾಕುವ ಅಧಿಕಾರ ಅಲ್ಲಿನ ಸೇನಾ ಮುಖ್ಯಾಧಿಕಾರಿಗೆ ಇತ್ತು. ಅಂಥ ಕೆಲಸ ಮಾಡಿರಲೇಬೇಕೆಂದಿಲ್ಲ, ಮಾಡಬಹುದು ಎಂದು ಅಧಿಕಾರಿ ನಂಬಲು ಕಾರಣವಿದ್ದರೂ ಸಾಕು. ನೋಟೀಸು ಕೊಟ್ಟು ಉತ್ತರ ಕೇಳಬೇಕಿತ್ತು ಎನ್ನುವುದಷ್ಟೇ ಕಟ್ಟುಪಾಡು. ಈ ಹೆದರಿಕೆ ಎಲ್ಲಿಂದ ಬಂತು ಎಂದು ನಾಸಿಕದವರಿಗೆ ಹೇಳಬೇಕಿಲ್ಲ. ಕ್ಯಾಂಪಿಗೆ ಅಂಟಿಕೊಂಡೇ ಸಾವರ್ಕರರು 1883ರಲ್ಲಿ ಹುಟ್ಟಿದ ಭಗೂರು ಇದೆ. 1909ರ ಡಿಸೆಂಬರ್ 21ರಂದು ನಾಸಿಕದ ವಿಜಯಾನಂದ ನಾಟಕಗೃಹದಲ್ಲಿ ಕಲೆಕ್ಟರ್ ಜ್ಯಾಕ್ಸನ್‌ನನ್ನು ಗುಂಡಿಟ್ಟು ಕೊಂದ ಅನಂತ ಕಾನ್ಹೇರೆ ಔರಂಗಾಬಾದಿನಲ್ಲಿ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ಓದುತ್ತಿದ್ದ ಹುಡುಗ. ಇಂಥ ನೆಲದ ನಡುವೆ ದಂಡು ಇಟ್ಟುಕೊಂಡವರಿಗೆ ಚರಂಡಿಯ ಕೊಳೆಯೂ ರಾಜದ್ರೋಹವೂ ಒಂದೇ ಕಾನೂನಿನ ಪುಸ್ತಕದಲ್ಲಿ ಕಂಡದ್ದು ಆಶ್ಚರ್ಯವಲ್ಲ. ಆಶ್ಚರ್ಯವೆಂದರೆ 2006ರಲ್ಲಿ ನಾವೇ ಬರೆದುಕೊಂಡ ಹೊಸ ಕಾನೂನಿನಲ್ಲೂ ಈ ಕಲಮು ಉಳಿದುಕೊಂಡದ್ದು.

*

ಈಗ ನನ್ನ ಕಸುಬಿಗೆ ಹತ್ತಿರದ ವಿಷಯ, ಮನೆ ಮತ್ತು ನೆಲ.

1836ರಲ್ಲಿ ಬಂಗಾಳ ಸೈನ್ಯಕ್ಕೆ 179ನೇ ನಂಬರಿನ ಒಂದು ಆಜ್ಞೆ ಹೊರಟಿತು. ದಂಡಿನೊಳಗೆ ಯಾರಾದರೂ ಬಂಗಲೆ ಕಟ್ಟಿಕೊಳ್ಳಬಹುದು, ಮಾರಬಹುದು, ಆದರೆ ನೆಲ ಸರ್ಕಾರದ್ದೇ. ಬೇಕೆಂದಾಗ ಒಂದು ತಿಂಗಳ ನೋಟೀಸು ಕೊಟ್ಟು, ಕಟ್ಟಡದ ಬೆಲೆ ಕೊಟ್ಟು ಸರ್ಕಾರ ವಾಪಸು ತೆಗೆದುಕೊಳ್ಳಬಹುದು. ಮುಂಬಯಿ, ಮದ್ರಾಸು ಸೈನ್ಯಗಳಲ್ಲೂ ಇದೇ ತತ್ವದ ಆಜ್ಞೆಗಳಿದ್ದವು. ಇದಕ್ಕೆ ಓಲ್ಡ್ ಗ್ರಾಂಟ್ ಎಂದು ಹೆಸರು. ಸಾಲದ್ದಕ್ಕೆ 1902ರಲ್ಲಿ, ಮತ್ತೆ 1923ರಲ್ಲಿ ಮನೆ ವಸತಿಯ ಕಾನೂನು ಬಂತು. ಸೇನಾ ಅಧಿಕಾರಿಗೆ ಮನೆ ಬೇಕಾದರೆ ನಿಮ್ಮ ಬಂಗಲೆಯನ್ನು ಬಾಡಿಗೆಗೆ ಕೊಡಿ ಎಂದು ಒತ್ತಾಯ ಮಾಡುವ ಅಧಿಕಾರ ಅದರಿಂದ ಸಿಕ್ಕಿತು.

ಈ ನೆಲದ ಲೆಕ್ಕವೆಲ್ಲ ಜನರಲ್ ಲ್ಯಾಂಡ್ ರಿಜಿಸ್ಟರ್, ಜಿಎಲ್‌ಆರ್, ಎನ್ನುವ ಪುಸ್ತಕದಲ್ಲಿದೆ. 1925ರ, ಆಮೇಲೆ 1937ರ ನಿಯಮಗಳ ಪ್ರಕಾರ ದಂಡಿನ ನೆಲಕ್ಕೆ ವರ್ಗಗಳಿವೆ. ಸೈನ್ಯ ಬಳಸುವುದು ಎ-1, ಸೈನ್ಯಕ್ಕೆಂದು ಕಾಯ್ದಿಟ್ಟದ್ದು ಎ-2, ಖಾಸಗಿಯವರ ಕೈಯಲ್ಲಿದ್ದರೂ ಕೇಂದ್ರ ಸರ್ಕಾರದ ಹಕ್ಕಿಗೆ ಒಳಪಟ್ಟದ್ದು ಬಿ-3, ಬೋರ್ಡಿನ ರಸ್ತೆ, ಚರಂಡಿ, ಮಾರ್ಕೆಟ್ಟು ಇತ್ಯಾದಿ ಸಿ.

ದಂಡಿನ ಊರಿನ ಬ್ಯಾಂಕುಗಳಿಗೆ ಬಂಗಲೆಯ ಕಾಗದ ಹಿಡಿದು ಸಾಲ ಕೇಳಲು ಬರುವವರು ಇದ್ದಾರೆ. ಅಜ್ಜನ ಕಾಲದ ಖರೀದಿ ಪತ್ರ, ರಿಜಿಸ್ಟರ್ ಆದದ್ದು, ಮುದ್ರೆ ಸಹಿ ಎಲ್ಲ ಸರಿ. ತೆರಿಗೆ ರಸೀದಿ ಐವತ್ತು ವರ್ಷದ್ದು ಒಂದೂ ತಪ್ಪಿಲ್ಲ. ವಕೀಲರ ವರದಿ ತರಿಸಿದರೆ ಒಂದೇ ಸಾಲು: ಜಿಎಲ್‌ಆರ್ ಪ್ರಕಾರ ಬಿ-3, ಓಲ್ಡ್ ಗ್ರಾಂಟ್. ಮುಗಿಯಿತು. ಗೋಡೆ ಅವರದು, ಹೆಂಚು ಅವರದು, ಕೆಳಗಿನ ನೆಲ ಅವರದಲ್ಲ. ನೆಲವಿಲ್ಲದ ಗೋಡೆಯ ಮೇಲೆ ಯಾವ ಬ್ಯಾಂಕೂ ನಿಶ್ಚಿಂತೆಯಿಂದ ಸಾಲ ಕೊಡುವುದಿಲ್ಲ. ತೆರಿಗೆ ಕಟ್ಟಿದ ರಸೀದಿ ಒಡೆತನದ ಪತ್ರವಲ್ಲ ಎಂದು ಎಪ್ಪತ್ತು ವರ್ಷದ ಹಿರಿಯರಿಗೆ ಬಿಡಿಸಿ ಹೇಳುವುದು ಸುಲಭದ ಕೆಲಸವಲ್ಲ. ಅವರ ಮುಖ ನೋಡಲಾಗುವುದಿಲ್ಲ.

ರಿಪೇರಿಯ ಕಥೆಯೂ ಅಷ್ಟೆ. ಕಟ್ಟಡದ ಅರ್ಜಿಗೆ ಬೋರ್ಡು ಒಂದು ತಿಂಗಳಲ್ಲಿ ಉತ್ತರ ಕೊಡದಿದ್ದರೆ, ಅರ್ಜಿದಾರ ಲಿಖಿತವಾಗಿ ನೆನಪಿಸಿ, ಮತ್ತೂ ಹದಿನೈದು ದಿನ ಉತ್ತರ ಬರದಿದ್ದರೆ ಒಪ್ಪಿಗೆ ಸಿಕ್ಕಿದ ಹಾಗೆ ಎಂದು ಕಾನೂನು ಉದಾರವಾಗಿ ಹೇಳುತ್ತದೆ. ಆದರೆ ನೆಲದ ಹಕ್ಕಿನ ಪ್ರಶ್ನೆ ಬಂದರೆ ಕಡತ ರಕ್ಷಣಾ ಭೂಮಿ ಇಲಾಖೆಯ ಕಡೆಗೆ ಹೊರಡುತ್ತದೆ. ಬಿ-3 ಮನೆಯಲ್ಲಿ ಆ ಪ್ರಶ್ನೆ ಬಾರದೆ ಇರುತ್ತದೆಯೇ? ಮಾಡು ಸೋರುತ್ತಿರುತ್ತದೆ, ಮಕ್ಕಳು ದೊಡ್ಡವರಾಗುತ್ತಾರೆ, ಮನೆ ಸಾಲದೆ ಬರುತ್ತದೆ. ಕೊನೆಗೆ ಒಂದು ರಾತ್ರಿ ಒಂದು ಕೋಣೆ ಏಳುತ್ತದೆ. ಅಲ್ಲಿಗೆ ಅದು ಅಕ್ರಮ ಕಟ್ಟಡ, ಒಡೆಯಲು ನೋಟೀಸು.

*

ಇನ್ನು ನಿರ್ಧಾರ ಮಾಡುವವರ ವಿಷಯ. 1924ರ ಕಾನೂನಿನ ದೊಡ್ಡ ಸುಧಾರಣೆ ಎಂದರೆ ಚುನಾಯಿತ ಸದಸ್ಯರು. ದಂಡಿನ ಜನ ತಮ್ಮ ಪ್ರತಿನಿಧಿಯನ್ನು ಆರಿಸಿ ಬೋರ್ಡಿಗೆ ಕಳಿಸಬಹುದು ಎಂದಾಯಿತು. ಆದರೆ ಅಧ್ಯಕ್ಷ ಸೇನಾಧಿಕಾರಿಯೇ. 2006ರ ಕಾನೂನಿನಲ್ಲಿ ದೇವಳಾಲಿಯಂಥ ದೊಡ್ಡ ದಂಡಿಗೆ ಎಂಟು ಜನ ಚುನಾಯಿತರು, ಎದುರಿಗೆ ಅಧ್ಯಕ್ಷರೂ ಸೇರಿ ಎಂಟು ಜನ ಅಧಿಕಾರಿಗಳು. ಉಪಾಧ್ಯಕ್ಷ ಸ್ಥಾನ ಚುನಾಯಿತರಿಗೆ. ನಾಗರಿಕ ಪ್ರದೇಶದ ಸಮಿತಿ ಅವರ ಕೈಯಲ್ಲಿ. ಬೋರ್ಡಿನ ತೀರ್ಮಾನ ಸೈನ್ಯದ ಆರೋಗ್ಯಕ್ಕೆ, ಶಿಸ್ತಿಗೆ, ಭದ್ರತೆಗೆ ಅಡ್ಡ ಬರುತ್ತದೆ ಎಂದರೆ ಅಧ್ಯಕ್ಷರು ಅದನ್ನು ತಡೆದು ಮೇಲಕ್ಕೆ ಕಳಿಸಬಹುದು. ಅರ್ಧ ಪ್ರಜಾಪ್ರಭುತ್ವ ಅನ್ನಿ.

ಆ ಅರ್ಧವೂ ಸವೆಯುತ್ತ ಬಂತು. ದೇಶದ ಬಹುತೇಕ ಕಂಟೋನ್ಮೆಂಟುಗಳಿಗೆ ಒಟ್ಟಿಗೆ ಚುನಾವಣೆ ನಡೆದದ್ದು 2015ರ ಜನವರಿಯಲ್ಲಿ. ಐದು ವರ್ಷದ ಅವಧಿ ಮುಗಿದು, ಒಂದು ವರ್ಷ ವಿಸ್ತರಣೆಯೂ ಮುಗಿದು, 2021ರ ಫೆಬ್ರವರಿಯಿಂದ ಅಧ್ಯಕ್ಷರು, ಮುಖ್ಯ ಕಾರ್ಯನಿರ್ವಹಣಾಧಿಕಾರಿ ಮತ್ತು ನಾಮಕರಣಗೊಂಡ ಒಬ್ಬ ನಾಗರಿಕ, ಈ ಮೂವರ ಬೋರ್ಡು ಬಂತು. 2023ರ ಏಪ್ರಿಲ್ 30ಕ್ಕೆ 57 ದಂಡುಗಳಲ್ಲಿ ಚುನಾವಣೆ ಎಂದು ಘೋಷಿಸಿ ಮಾರ್ಚಿನಲ್ಲಿ ರದ್ದು ಮಾಡಿದರು.

ಮನೆಗೂ ಮತಕ್ಕೂ ಗಂಟು ಹಾಕಿದ ಸಂಗತಿ ಇನ್ನೊಂದಿದೆ. 2016ರಲ್ಲಿ ಮಧ್ಯಪ್ರದೇಶದ ಪಚಮಢಿ ದಂಡಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಅಕ್ರಮ ಕಟ್ಟಡಗಳಲ್ಲಿ ವಾಸವಾಗಿರುವವರ ಹೆಸರು ಕಂಟೋನ್ಮೆಂಟ್ ಮತದಾರರ ಪಟ್ಟಿಯಲ್ಲಿ ಇರಲು ಅರ್ಹವಲ್ಲ ಎಂದಿತು. ವಿಧಾನಸಭೆಗೆ, ಲೋಕಸಭೆಗೆ ಮತ ಹಾಕಬಹುದು, ತನ್ನ ಬೀದಿಯ ಚರಂಡಿಗೆ ಮಾತ್ರ ಇಲ್ಲ. ಕಾನೂನಿನ ದೃಷ್ಟಿಯಲ್ಲಿ ತರ್ಕ ಸರಿ ಇರಬಹುದು. ಆದರೆ ಮೇಲೆ ಹೇಳಿದ ಆ ಒಂದು ಕೋಣೆಯ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನೆಲ ನಿನ್ನದಲ್ಲ, ಆದ್ದರಿಂದ ಕಟ್ಟಲು ಒಪ್ಪಿಗೆ ಸಿಗುವುದಿಲ್ಲ. ಒಪ್ಪಿಗೆ ಇಲ್ಲದೆ ಕಟ್ಟಿದ್ದರಿಂದ ಮತ ಇಲ್ಲ. ಮತ ಇಲ್ಲದ್ದರಿಂದ ನಿಯಮ ಬದಲಿಸುವ ದಾರಿಯೂ ಇಲ್ಲ.

ರಸ್ತೆಗಳ ಜಗಳವೂ ಇಂಥದೇ. 2006ರ ಕಾನೂನಿನ 258ನೇ ಕಲಮಿನ ಪ್ರಕಾರ ಬೀದಿ ಮುಚ್ಚಬೇಕಾದರೆ ಮೊದಲು ಸಾರ್ವಜನಿಕ ನೋಟೀಸು ಕೊಟ್ಟು ಆಕ್ಷೇಪಣೆ ಕೇಳಬೇಕು. ಹಲವು ದಂಡುಗಳಲ್ಲಿ ಭದ್ರತೆಯ ಕಾರಣ ಹೇಳಿ ಹಾಗೆಯೇ ಗೇಟು ಬಿದ್ದವು. ಸಿಕಂದರಾಬಾದಿನ ನಿವಾಸಿಗಳು ದೊಡ್ಡ ದನಿ ಎತ್ತಿದ ಮೇಲೆ 2018ರ ಮೇ ತಿಂಗಳಲ್ಲಿ ರಕ್ಷಣಾ ಇಲಾಖೆ ಮುಚ್ಚಿದ ರಸ್ತೆಗಳನ್ನು ತೆರೆಯಿರಿ ಎಂದು ಆದೇಶ ಮಾಡಿತು. ಸೈನಿಕರ ಕುಟುಂಬಗಳು ಭದ್ರತೆಯ ಆತಂಕ ಹೇಳಿಕೊಂಡವು. ಅವರ ಆತಂಕವೂ ಸುಳ್ಳಲ್ಲ. ಕೂತು ಮಾತಾಡಲು ಇಬ್ಬರಿಗೂ ಸಮನಾದ ಜಾಗ ಇಲ್ಲದ್ದೇ ಗೋಳು.

ಕೊನೆಗೆ ಹಣ. ಜಕಾತಿ, ಆಮೇಲೆ ಅದರ ಬದಲಿಗೆ ಬಂದ ತೆರಿಗೆ, ವಾಹನ ಪ್ರವೇಶ ಶುಲ್ಕ, ಇವು ಮಹಾರಾಷ್ಟ್ರದ ದಂಡುಗಳ ಉಸಿರು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಅದು ಬತ್ತಿತು. ಕೇಂದ್ರ ಸರ್ಕಾರದ ಆಸ್ತಿಗೆ ಸ್ಥಳೀಯ ತೆರಿಗೆ ಹಾಕುವಂತಿಲ್ಲ, ಸೇವಾ ಶುಲ್ಕ ಅಂತ ಕೊಟ್ಟಾಗ ತೆಗೆದುಕೊಳ್ಳಬೇಕು. ದಂಡಿನ ಬಹುಪಾಲು ನೆಲ ಕೇಂದ್ರದ್ದೇ ಆದ ಮೇಲೆ ಮನೆ ತೆರಿಗೆ ಕೊಡುವವರು ಯಾರು ಎಂದು ಬೇರೆ ಹೇಳಬೇಕಿಲ್ಲ.

*

ದಂಡು ಊರಿಗೆ ಸೇರಿದರೆ ಏನಾಗುತ್ತದೆ ಎಂದು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ, ನಾವು ಒಮ್ಮೆ ಕಂಡಿದ್ದೇವೆ. ರೈಲಿನಲ್ಲಿ ಬೆಂಗಳೂರಿಗೆ ಹೋಗುವಾಗ ಕಾಣುವ "ಬೆಂಗಳೂರು ದಂಡು" ಎನ್ನುವ ಬೋರ್ಡು ಅದರ ನೆನಪು. 1809ರಲ್ಲಿ ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿದ ಬ್ರಿಟಿಷರು ಹಲಸೂರಿನ ಕಡೆ ದಂಡು ಹೂಡಿದರು. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಮುನಿಸಿಪಾಲಿಟಿ ಆಯಿತು. 1881ರಲ್ಲಿ ಮೈಸೂರು ಮತ್ತೆ ಒಡೆಯರ ಕೈಗೆ ಬಂದಾಗ ದಂಡು ಬರಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ರೆಸಿಡೆಂಟರ ಅಧೀನದಲ್ಲಿ ಉಳಿಯಿತು. ಪೇಟೆಯಲ್ಲಿ ತಪ್ಪು ಮಾಡಿ ಕಬ್ಬನ್ ಪಾರ್ಕ್ ದಾಟಿದರೆ ಬೇರೆ ಪೊಲೀಸು, ಬೇರೆ ಕೋರ್ಟು. 1947ರ ಜುಲೈನಲ್ಲಿ ಅದು ಮೈಸೂರಿಗೆ ಮರಳಿತು, 1949ರ ಡಿಸೆಂಬರಿನಲ್ಲಿ ಎರಡೂ ಕೂಡಿ ಬೆಂಗಳೂರು ಕಾರ್ಪೊರೇಷನ್ ಆಯಿತು. ಸೌತ್ ಪೆರೇಡ್ ಮಹಾತ್ಮ ಗಾಂಧಿ ರಸ್ತೆಯಾಯಿತು.

ಕೂಡಿದ ಮೇಲೆ ದಂಡಿನ ಹಳಬರು ಚೊಕ್ಕಟ ಹೋಯಿತು, ಶಿಸ್ತು ಹೋಯಿತು ಎಂದು ಗೊಣಗಿದರು. ಗೊಣಗಾಟದಲ್ಲಿ ಸತ್ಯವೂ ಇತ್ತು. ಆದರೆ ದಂಡಿನ ಗಲ್ಲಿಗಳಲ್ಲಿದ್ದ ಕೂಲಿಯವರು, ಅಂಗಡಿಯವರು ತಮ್ಮ ಊರಿನ ಸಭೆಗೆ ತಮ್ಮವರನ್ನು ಆರಿಸಿ ಕಳಿಸುವ ಹಾಗಾಯಿತು. ಮುಖ್ಯವಾದ ಇನ್ನೊಂದು ಮಾತು: ಸೈನ್ಯದ ಬಳಕೆಯ ಜಾಗಗಳನ್ನು ಬಿಟ್ಟು ಅಲ್ಲಿ ಆಡಳಿತದ ಜೊತೆ ನೆಲವೂ ಮೈಸೂರಿಗೆ ಮರಳಿತು. ಇಲ್ಲಿ ಹಾಗಾಗುವುದಿಲ್ಲ.

2023ರ ಏಪ್ರಿಲ್ 27ರಂದು ಹಿಮಾಚಲದ ಯೋಲ್ ಎಂಬ ದಂಡು ರದ್ದಾಯಿತು. ಅದಕ್ಕೆ ಮುಂಚೆ ದೇಶದಲ್ಲಿ 62 ಕಂಟೋನ್ಮೆಂಟುಗಳಿದ್ದವು. ಅವುಗಳಲ್ಲಿ ಏಳು ಮಹಾರಾಷ್ಟ್ರದವು: ಪುಣೆ, ಖಡಕಿ, ದೇಹೂ ರೋಡ್, ದೇವಳಾಲಿ, ಅಹ್ಮದ್‌ನಗರ, ಔರಂಗಾಬಾದ್, ಕಾಮಠಿ. ಕರ್ನಾಟಕದ್ದು ಒಂದೇ, ಬೆಳಗಾವಿ. 2024ರ ಮಾರ್ಚಿನಲ್ಲಿ ಹತ್ತು ದಂಡುಗಳ ನಾಗರಿಕ ಭಾಗಗಳನ್ನು ಬೇರ್ಪಡಿಸಿ ಪಕ್ಕದ ನಗರಾಡಳಿತಕ್ಕೆ ಸೇರಿಸುವ ಕರಡು ಅಧಿಸೂಚನೆ ಹೊರಟಿತು. ಡೆಹ್ರಾಡೂನ್, ಅಜ್ಮೇರ್, ಮಥುರಾ ಮುಂತಾದವುಗಳ ಜೊತೆ ನಮ್ಮ ದೇವಳಾಲಿಯ ಹೆಸರೂ ಆ ಪಟ್ಟಿಯಲ್ಲಿತ್ತು. ಆ ವರ್ಷದ ಮಧ್ಯದಲ್ಲಿ ಬಂದ ಮಾರ್ಗಸೂಚಿಯಲ್ಲಿ ಎರಡು ಅಂಶಗಳು ಓದಬೇಕಾದವು. ಒಂದು, ನೀರು, ಚರಂಡಿ, ರಸ್ತೆ ಮೊದಲಾದ ಪೌರ ಸೌಲಭ್ಯದ ಆಸ್ತಿಗಳು ಉಚಿತವಾಗಿ ರಾಜ್ಯಕ್ಕೆ, ನಗರಾಡಳಿತಕ್ಕೆ ಹೋಗುತ್ತವೆ. ಬೋರ್ಡಿನ ಸಾಲಸೋಲಗಳೂ ಜೊತೆಗೆ ಹೋಗುತ್ತವೆ. ಎರಡು, ಅನ್ವಯವಾಗುವ ಕಡೆ ನೆಲದ ಒಡೆತನ ಭಾರತ ಸರ್ಕಾರದಲ್ಲೇ ಉಳಿಯುತ್ತದೆ.

ಎರಡನೆಯ ಸಾಲನ್ನು ಎರಡು ಸಲ ಓದಿ. ಚಹಾ ಅಂಗಡಿಯಲ್ಲಿ ನಡೆಯುವ ಚರ್ಚೆಯೆಲ್ಲ ತೆರಿಗೆ ಏರುತ್ತದೋ ಇಲ್ಲವೋ, ಕಸದ ಗಾಡಿ ದಿನಾ ಬರುತ್ತದೋ ಇಲ್ಲವೋ, ಎರಡು ಮಹಡಿ ಏರಿಸಬಹುದೋ ಇಲ್ಲವೋ ಎಂಬುದರ ಮೇಲೆ. ಇವು ಸಣ್ಣ ವಿಷಯಗಳಲ್ಲ. ಪಾಲಿಕೆಗೆ ಸೇರಿದರೆ ಮತ ವಾಪಸು ಬರುತ್ತದೆ, ನಗರಸೇವಕರನ್ನು ಬಾಗಿಲಿಗೆ ಕರೆಸಿ ಕೇಳಬಹುದು. ಕಸ ಎತ್ತದಿದ್ದರೆ ಐದು ವರ್ಷಕ್ಕೊಮ್ಮೆ ಅವರನ್ನೇ ಎತ್ತಬಹುದು. ನನ್ನ ಮಟ್ಟಿಗೆ ಇದು ಲಾಭವೇ. ಮರ ಉಳಿಸುವುದು, ಡೋಲಿನ ಹೊತ್ತು ಗೊತ್ತು ಮಾಡುವುದು ಇನ್ನು ಬ್ರಿಗೇಡಿಯರ್ ಸಾಹೇಬರ ತಲೆನೋವಲ್ಲ, ನಮ್ಮದು. ಅಷ್ಟು ಹೊಣೆ ನಾವು ಹೊರಲಾರೆವೆಂದರೆ ಚೊಕ್ಕಟವನ್ನು ಹೊಗಳುವ ಹಕ್ಕೂ ನಮಗಿಲ್ಲ.

ಆದರೆ ಬಿ-3 ಮನೆಯವರಿಗೆ ಪಾಲಿಕೆಯ ರಸೀದಿ ಬಂದ ಮಾತ್ರಕ್ಕೆ ನೆಲ ಬರುವುದಿಲ್ಲ. ನಾಳೆ ಯಾರೋ ಏಜೆಂಟು ಬಂದು "ಈಗ ಕಂಟೋನ್ಮೆಂಟ್ ಇಲ್ಲ, ಎಲ್ಲ ಕ್ಲಿಯರ್ ಟೈಟಲ್" ಎಂದು ಬಂಗಲೆ ಮಾರಲು ನೋಡಿದರೆ, ಅಥವಾ ಕೊಳ್ಳಲು ಅಡ್ವಾನ್ಸ್ ಕೊಡಿ ಎಂದರೆ, ಮೊದಲು ಜಿಎಲ್‌ಆರ್ ನಕಲು ತೆಗೆಸಿ ಸರ್ವೆ ನಂಬರಿನ ಮುಂದೆ ಯಾವ ವರ್ಗ ಬರೆದಿದೆ ಎಂದು ನೋಡಿ. ಓಲ್ಡ್ ಗ್ರಾಂಟ್ ನೆಲವನ್ನು ನ್ಯಾಯವಾದ ಬೆಲೆಗೆ ಪೂರ್ಣ ಒಡೆತನಕ್ಕೆ ಬದಲಿಸಿಕೊಡಿ ಎಂದು ಕೇಳಬೇಕಾದ ಸಮಯ ವಿಲೀನ ಮುಗಿದ ಮೇಲಲ್ಲ, ಮುಗಿಯುವ ಮುಂಚೆ. ಒಬ್ಬೊಬ್ಬರೇ ಅರ್ಜಿ ಹಿಡಿದು ಹೋದರೆ ಕಡತ ಎಲ್ಲಿ ಕೂರುತ್ತದೆ ಎಂದು ಮೇಲೆಯೇ ಹೇಳಿದ್ದೇನೆ. ಬೀದಿಯವರೆಲ್ಲ ಕೂಡಿ ಕೇಳಬೇಕು.

ಬೆಳಗಾವಿ ಕ್ಯಾಂಪಿನಲ್ಲಿ, ಪುಣೆ ಕ್ಯಾಂಪಿನಲ್ಲಿ ಮನೆ ಇರುವ ಓದುಗರಿಗೂ ಇದೇ ಮಾತು. ನಿಮ್ಮ ಕಡೆಯ ಅನುಭವ ಇದಕ್ಕಿಂತ ಬೇರೆಯಾಗಿದ್ದರೆ ಖಂಡಿತ ತಿಳಿಸಿ.